ಬಾಡಿಗೆ ಮನೆಯ ಮಾಲೀಕರನ್ನು ಹುಡುಕುವುದು, ಮಾತನಾಡಿಸುವುದು ಹೇಗೆ? ದಾವಣಗೆರೆಯ ಹೊಸ ದಲ್ಲಾಳಿಯ ಪ್ರಶ್ನೆ

ಕೀಲಿಕೈ_ನಿಟುವಳ್ಳಿ:

ಎಲ್ಲರಿಗೂ ನಮಸ್ಕಾರ. ಬಾಡಿಗೆ ಮನೆಗಳ ದಲ್ಲಾಳಿ ಕೆಲಸವನ್ನು ಈ ವರ್ಷ ಶುರು ಮಾಡಿದ್ದೇನೆ. ನಿವೇಶನ ಮಾರಾಟಕ್ಕೆ ಕೈ ಹಾಕಿಲ್ಲ, ಸದ್ಯಕ್ಕೆ ಬಾಡಿಗೆ ಮಾತ್ರ. ಮನೆ ಕೇಳಿಕೊಂಡು ಬರುವವರಿಗೆ ನಮ್ಮ ಊರಿನಲ್ಲಿ ಬರವಿಲ್ಲ. ಆಸ್ಪತ್ರೆಗಳಿಗೆ ಸೇರಿದ ನರ್ಸ್‌ಗಳು, ಮೆಡಿಕಲ್, ಎಂಜಿನಿಯರಿಂಗ್ ವಿದ್ಯಾರ್ಥಿಗಳು, ವರ್ಗವಾಗಿ ಬಂದ ಬ್ಯಾಂಕ್ ನೌಕರರು, ಮಕ್ಕಳ ಓದಿಗಾಗಿ ಹರಪನಹಳ್ಳಿ, ಜಗಳೂರು ಕಡೆಯಿಂದ ಬರುವ ಕುಟುಂಬಗಳು ಎಲ್ಲರೂ ಇದ್ದಾರೆ. ಅವರಿಗೆ ತೋರಿಸಲು ನನ್ನ ಕೈಯಲ್ಲಿ ಮನೆಗಳಿಲ್ಲ.

‘ಮನೆ ಬಾಡಿಗೆಗೆ ಇದೆ’ ಬೋರ್ಡಿನ ನಂಬರಿಗೆ ಕರೆ ಮಾಡಿದರೆ ‘ಬ್ರೋಕರಾ? ಬೇಡಮ್ಮ’ ಎಂದು ಫೋನ್ ಇಟ್ಟುಬಿಡುತ್ತಾರೆ. ಓಎಲ್ಎಕ್ಸ್‌ನಲ್ಲಿ ಹುಡುಕಿದರೆ ಅರ್ಧಕ್ಕರ್ಧ ಜಾಹೀರಾತು ಬೇರೆ ದಲ್ಲಾಳಿಗಳದ್ದೇ. ಮಾಲೀಕರು ಎಲ್ಲಿ ಸಿಗುತ್ತಾರೆ, ಸಿಕ್ಕ ಮೇಲೆ ಮೊದಲ ಮಾತು ಏನಿರಬೇಕು? ಅನುಭವಸ್ಥರು ದಯವಿಟ್ಟು ತಿಳಿಸಿ. ಮನೆ ಮಾಲೀಕರು ಯಾರಾದರೂ ಇಲ್ಲಿದ್ದರೆ ಅವರ ಮಾತು ಇನ್ನೂ ಹೆಚ್ಚು ಬೇಕು.

ಹಳೆಪೇಟೆ_ದಲ್ಲಾಳಿ:

ತಂಗಿ, ಬೋರ್ಡು ಬಿದ್ದ ಮೇಲೆ ಹೋದರೆ ಆಗಲೇ ತಡ. ಆ ನಂಬರಿಗೆ ಬೆಳಗಿನಿಂದ ಊರಿನ ದಲ್ಲಾಳಿಗಳೆಲ್ಲ ಕರೆ ಮಾಡಿರುತ್ತಾರೆ, ನಿನ್ನದು ಅದರಲ್ಲಿ ಇನ್ನೊಂದು.

ಮನೆ ಖಾಲಿಯಾಗುವ ಸುದ್ದಿ ಬೋರ್ಡಿಗಿಂತ ಮೊದಲು ಕೆಲವರಿಗೆ ತಿಳಿಯುತ್ತದೆ. ಸಾಮಾನು ಸಾಗಿಸುವ ಟಾಟಾ ಏಸ್ ಚಾಲಕರನ್ನು ಬಾಡಿಗೆದಾರರು ಮುಂಚೆಯೇ ವಿಚಾರಿಸಿರುತ್ತಾರೆ. ಬಾಡಿಗೆದಾರರು ಹೋದ ಮರುದಿನ ಸುಣ್ಣಬಣ್ಣದವರು, ನಲ್ಲಿ ರಿಪೇರಿಯವರು, ವೈರಿಂಗ್ ಮಾಡುವವರು ಬರುತ್ತಾರೆ. ಇಸ್ತ್ರಿ ಅಂಗಡಿಯವರಿಗೂ ಹಾಲು ಹಾಕುವವರಿಗೂ ಲೆಕ್ಕ ಚುಕ್ತಾ ಮಾಡುವಾಗಲೇ ಗೊತ್ತಾಗುತ್ತದೆ. ಬೀದಿಯ ಕೊನೆಯ ಕಿರಾಣಿ ಅಂಗಡಿಯ ಗಲ್ಲಾದಲ್ಲಿ ಕೂತವರಿಗೆ ಯಾವ ಮನೆ ಯಾರದ್ದು, ಮಾಲೀಕರು ಯಾವ ಊರಿನಲ್ಲಿದ್ದಾರೆ, ಬೀಗದ ಕೈ ಯಾರ ಬಳಿ ಇದೆ ಎಂಬುದೆಲ್ಲ ಗೊತ್ತಿರುತ್ತದೆ. ನಾನು ನನ್ನ ಕೆಲಸವನ್ನೆಲ್ಲ ನಡೆಸಿಕೊಂಡು ಬಂದದ್ದು ಇಂಥವರನ್ನು ನಂಬಿ. ಸುದ್ದಿ ಕೊಟ್ಟವರ ಪಾಲನ್ನು ವ್ಯವಹಾರ ಮುಗಿದ ದಿನವೇ ಕೊಟ್ಟುಬಿಡು, ಅವರು ಬಂದು ಕೇಳುವ ತನಕ ಕಾಯಬೇಡ.

ಇನ್ನೊಂದು ಮಾತು. ಇಡೀ ದಾವಣಗೆರೆಯನ್ನು ಒಬ್ಬಳೇ ಹಿಡಿಯಲು ಹೋಗಬೇಡ. ಮಂಡಿಪೇಟೆ, ಚೌಕಿಪೇಟೆಯ ಮನೆಗಳ ರೀತಿಯೇ ಬೇರೆ, ಕೆಳಗೆ ಅಂಗಡಿ ಮೇಲೆ ಮನೆ, ಅಣ್ಣತಮ್ಮಂದಿರ ಜಂಟಿ ಆಸ್ತಿ, ಒಬ್ಬರು ಒಪ್ಪಿದರೆ ಇನ್ನೊಬ್ಬರು ಒಪ್ಪುವುದಿಲ್ಲ. ಎಂ.ಸಿ.ಸಿ. ‘ಬಿ’ ಬ್ಲಾಕ್, ವಿದ್ಯಾನಗರ, ಶಾಮನೂರು ರಸ್ತೆಯ ಕಡೆ ಆಸ್ಪತ್ರೆ, ಕಾಲೇಜುಗಳ ಕಾರಣಕ್ಕೆ ಬಾಡಿಗೆದಾರರು ಬೇಗ ಬೇಗ ಬದಲಾಗುತ್ತಾರೆ. ನೀನು ನಿಟುವಳ್ಳಿಯವಳು. ನಿಟುವಳ್ಳಿ, ಕೆ.ಟಿ.ಜೆ. ನಗರ ಎರಡನ್ನೇ ಬೀದಿ ಬೀದಿಯಾಗಿ ತಿಳಿದುಕೊ. ‘ಮೂರನೇ ಅಡ್ಡರಸ್ತೆಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ’ ಎಂದು ಕೇಳಿದರೆ ಥಟ್ಟನೆ ಹೇಳುವಂತಾದಾಗ ಮಾಲೀಕರು ನಿನ್ನನ್ನು ನಂಬುತ್ತಾರೆ. ಭದ್ರಾ ನಾಲೆಯ ನೀರು ನಿಂತ ತಿಂಗಳುಗಳಲ್ಲಿ ಬೋರ್ ಇರುವ ಮನೆ ಯಾವುದು, ಸಂಪ್ ಎಷ್ಟು ದೊಡ್ಡದು ಎಂಬುದು ನಮ್ಮ ಊರಿನಲ್ಲಿ ಬಾಡಿಗೆಯನ್ನೇ ನಿರ್ಧರಿಸುತ್ತದೆ.

ಕಾಲವನ್ನೂ ನೋಡಿಕೊ. ಶಾಲೆ ಮುಗಿದು ವರ್ಗಾವಣೆ ನಡೆಯುವ ಏಪ್ರಿಲ್‌ನಿಂದ ಜೂನ್ ವರೆಗೆ ಹೆಚ್ಚು ಮನೆಗಳು ಕೈ ಬದಲಾಗುತ್ತವೆ. ಆಷಾಢ ಬಂತೆಂದರೆ ಹಾಲುಕ್ಕಿಸುವವರು ಕಡಿಮೆ. ಆ ತಿಂಗಳಲ್ಲಿ ಮಾಲೀಕರ ಮನೆಗಳಿಗೆ ಹೋಗಿ ಪರಿಚಯ ಮಾಡಿಕೊ, ಅವರಿಗೂ ಬಿಡುವಿರುತ್ತದೆ, ಮನೆ ಖಾಲಿ ಉಳಿದಿದೆ ಎಂಬ ಚಿಂತೆಯೂ ಇರುತ್ತದೆ.

ಎಂಸಿಸಿ_ಮನೆಯೊಡತಿ:

ನಾನು ಮಾಲೀಕರ ಕಡೆಯವಳು. ಕೆಳಗೆ ನಾವಿದ್ದೇವೆ, ಮೇಲಿನ ಮನೆ ಬಾಡಿಗೆಗೆ. ನಾವು ಫೋನ್ ಇಡುವುದು ಸೊಕ್ಕಿನಿಂದಲ್ಲಮ್ಮ, ಹೆದರಿಕೆಯಿಂದ. ನಂಬರ್ ಹೊರಗೆ ಬಿದ್ದ ಕೂಡಲೇ ‘ನಾನು ಸೈನ್ಯದಲ್ಲಿದ್ದೇನೆ, ನಿಮ್ಮ ಊರಿಗೆ ವರ್ಗವಾಗಿದೆ, ಮನೆ ನೋಡದೆಯೇ ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ’ ಎಂಬ ಕರೆಗಳು ಬರುತ್ತವೆ. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹೋಗುವುದು ನಮ್ಮ ಹಣ. ನಮ್ಮ ಬೀದಿಯಲ್ಲೇ ಒಬ್ಬ ನಿವೃತ್ತ ಮೇಷ್ಟ್ರು ಹೀಗೆ ಹಣ ಕಳೆದುಕೊಂಡರು. ಅದಾದ ಮೇಲೆ ಗುರುತಿಲ್ಲದ ನಂಬರ್ ಎಂದರೆ ನಮಗೆಲ್ಲ ಎದೆ ಹೊಡೆದುಕೊಳ್ಳುತ್ತದೆ.

ಎರಡನೆಯದು ದಲ್ಲಾಳಿಗಳ ನಡವಳಿಕೆ. ಹೇಳದೆ ಕೇಳದೆ ಮಧ್ಯಾಹ್ನ ಊಟದ ಹೊತ್ತಿಗೆ ನಾಲ್ಕು ಜನರನ್ನು ಕರೆತಂದು ಗೇಟು ಬಡಿಯುತ್ತಾರೆ. ಇಬ್ಬರೇ ಇರುತ್ತಾರೆಂದು ಹೇಳಿ ಆರು ಹುಡುಗರನ್ನು ಸೇರಿಸುತ್ತಾರೆ. ನಾವು ಹೇಳಿದ ಬಾಡಿಗೆ ಒಂದು, ಅವರು ಬಾಡಿಗೆದಾರರಿಗೆ ಹೇಳುವುದು ಇನ್ನೊಂದು.

ನಾನು ಒಬ್ಬ ದಲ್ಲಾಳಿಗೆ ಮಾತ್ರ ಮನೆ ಕೊಡುತ್ತಾ ಬಂದಿದ್ದೇನೆ. ಮೊದಲ ಸಲ ಅವರು ಸಂಜೆ ಐದರ ಮೇಲೆ ಬಂದರು, ಒಬ್ಬರೇ ಬಂದರು, ಜಗುಲಿಯಲ್ಲೇ ಕೂತರು. ಬಾಡಿಗೆ ಎಷ್ಟು ಎಂದು ಮೊದಲು ಕೇಳಲಿಲ್ಲ. ‘ನಿಮಗೆ ಎಂಥವರು ಬಂದರೆ ನೆಮ್ಮದಿ, ಹಿಂದಿನವರಿಂದ ಏನು ತೊಂದರೆಯಾಗಿತ್ತು’ ಎಂದು ಕೇಳಿದರು. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು. ಆಮೇಲೆ, ಮನೆ ನೋಡಲು ಬರುವವರ ಹೆಸರು, ಕೆಲಸ, ಎಷ್ಟು ಜನ ಎಂಬುದನ್ನು ಮೊದಲೇ ತಿಳಿಸಿ, ನನ್ನ ಒಪ್ಪಿಗೆ ಪಡೆದ ಮೇಲೆಯೇ ಕರೆತಂದರು. ಇಷ್ಟು ಸಾಕಮ್ಮ ನಮಗೆ. ನೀವು ಹೆಣ್ಣುಮಗಳು ಎಂಬುದು ನಿಮಗೆ ಅನುಕೂಲವೇ. ಎಷ್ಟೋ ಮನೆಗಳಲ್ಲಿ ಬಾಡಿಗೆಯ ವಿಚಾರ ತೀರ್ಮಾನಿಸುವವರು ಹೆಂಗಸರು, ನಿಮ್ಮೊಡನೆ ಅವರು ಒಳಗೆ ಕರೆದು ಮಾತನಾಡುತ್ತಾರೆ.

ಕೀಲಿಕೈ_ನಿಟುವಳ್ಳಿ:

ಅಮ್ಮಾ, ಅಣ್ಣಾ, ಇಬ್ಬರಿಗೂ ಧನ್ಯವಾದಗಳು. ಇಸ್ತ್ರಿ ಅಂಗಡಿಯವರನ್ನು ಕೇಳಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಎರಡು ವಿಷಯ ಕೇಳಬೇಕಿತ್ತು. ಮನೆಗೆ ಹೋಗುವ ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಈ ಸಂದೇಶ ಕಳಿಸಬಹುದೇ: ‘ನಮಸ್ಕಾರ. ನಾನು ನಿಟುವಳ್ಳಿಯಲ್ಲಿ ಬಾಡಿಗೆ ಮನೆಗಳ ಏಜೆಂಟ್. ನಮ್ಮಲ್ಲಿ ಉತ್ತಮ ಬಾಡಿಗೆದಾರರು ಲಭ್ಯ. ನಿಮ್ಮ ಮನೆಯ ವಿವರ ಮತ್ತು ಫೋಟೋಗಳನ್ನು ಕಳಿಸಿ.’

ಇನ್ನೊಂದು, ಒಬ್ಬರು ನನಗೆ ಬಡಾವಣೆವಾರು ಮನೆ ಮಾಲೀಕರ ಮೊಬೈಲ್ ನಂಬರ್‌ಗಳ ಪಟ್ಟಿಯನ್ನು ಮಾರುತ್ತೇನೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದೇ?

ಬೇಗ_ಬೆಳೆಯೋಣ:

ಪಟ್ಟಿ ತೆಗೆದುಕೊಳ್ಳಿ ಮೇಡಂ. ಎಲ್ಲರೂ ಅದನ್ನೇ ಮಾಡುವುದು. ನೂರು ಕರೆ ಮಾಡಿದರೆ ಐದು ಮನೆಯಾದರೂ ಸಿಗುತ್ತವೆ. ಇಸ್ತ್ರಿ ಅಂಗಡಿ, ಕಿರಾಣಿ ಅಂಗಡಿ ಸುತ್ತುತ್ತಾ ಕೂತರೆ ವರ್ಷ ಕಳೆಯುತ್ತದೆ.

ದುರ್ಗದ_ವಕೀಲ:

ಚಿತ್ರದುರ್ಗದಲ್ಲಿ ವಕೀಲಿ ಮಾಡುತ್ತೇನೆ, ಬಾಡಿಗೆ ವ್ಯಾಜ್ಯಗಳನ್ನು ಹತ್ತಿರದಿಂದ ನೋಡುತ್ತಿರುತ್ತೇನೆ. ಪಟ್ಟಿಯನ್ನು ಖಂಡಿತ ಮುಟ್ಟಬೇಡಿ. ಆ ನಂಬರ್‌ಗಳನ್ನು ಕೊಟ್ಟವರು ಕಂದಾಯಕ್ಕೋ ವಿದ್ಯುತ್ ಬಿಲ್ಲಿಗೋ ಕೊಟ್ಟಿರುತ್ತಾರೆ, ನಿಮ್ಮ ಕರೆಗೆ ಅಲ್ಲ. ವ್ಯಕ್ತಿಯ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಳಸುವುದನ್ನು ತಡೆಯಲೆಂದೇ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಸಾಮಾನ್ಯ ಹತ್ತಂಕಿಯ ಮೊಬೈಲ್‌ನಿಂದ ವ್ಯಾಪಾರದ ಕರೆಗಳನ್ನು ಸಾಲಾಗಿ ಮಾಡುವುದಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮಗಳಲ್ಲೂ ಅವಕಾಶವಿಲ್ಲ. ಬೇಸತ್ತವರು 1909ಕ್ಕೆ ದೂರು ಕೊಡುತ್ತಾರೆ, ನಿಮ್ಮ ನಂಬರ್ ಸ್ಥಗಿತಗೊಳ್ಳಬಹುದು. ಹೊಸದಾಗಿ ಕೆಲಸ ಶುರು ಮಾಡಿದವರಿಗೆ ಇರುವ ಒಂದೇ ನಂಬರ್ ಹೋದರೆ ಏನು ಗತಿ?

ಬೋರ್ಡಿನಲ್ಲಿ ಬರೆದ ನಂಬರ್, ಪತ್ರಿಕೆಯಲ್ಲಿ ಮಾಲೀಕರೇ ಕೊಟ್ಟ ಜಾಹೀರಾತಿನ ನಂಬರ್, ಇವುಗಳ ಮಾತು ಬೇರೆ. ಮನೆಯ ವಿಚಾರಕ್ಕೆ ಕರೆ ಬರಲಿ ಎಂದೇ ಅವರು ಅದನ್ನು ಹಾಕಿದ್ದಾರೆ. ನಿಮ್ಮ ಊರಿನ ಜನತಾವಾಣಿಯಂಥ ಸ್ಥಳೀಯ ದಿನಪತ್ರಿಕೆಯನ್ನು ಬೆಳಿಗ್ಗೆ ಎದ್ದ ಕೂಡಲೇ ನೋಡಿ. ಆದರೆ ‘ದಲ್ಲಾಳಿಗಳು ಕರೆ ಮಾಡಬಾರದು’ ಎಂದು ಬರೆದಿದ್ದರೆ ಅಲ್ಲಿಗೆ ಮುಗಿಯಿತು.

ಇದರ ಜೊತೆಗೆ ನೋಂದಣಿಯ ವಿಚಾರ. ರೇರಾ ಎಂದು ಎಲ್ಲರೂ ಕರೆಯುವ 2016ರ ಕಾಯ್ದೆಯಲ್ಲಿ ಏಜೆಂಟರ ನೋಂದಣಿ ಇರುವುದು ಮಾರಾಟದ ವ್ಯವಹಾರಕ್ಕೆ. ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ಹಾಗೆಂದು ಬಾಡಿಗೆ ದಲ್ಲಾಳಿಗೆ ನಿಯಮವೇ ಇಲ್ಲ ಎಂದುಕೊಳ್ಳಬೇಡಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ಮಧ್ಯವರ್ತಿಗಳು ಬಾಡಿಗೆ ನಿಯಂತ್ರಕರ ಬಳಿ ನೋಂದಾಯಿಸಿಕೊಳ್ಳಬೇಕೆಂಬ ಮಾತಿದೆ. ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ಅರ್ಜಿ ಹಾಕಿ. ನೋಂದಣಿ ಸಂಖ್ಯೆಯಿರುವ ಗುರುತಿನ ಚೀಟಿ ಕೈಯಲ್ಲಿದ್ದರೆ ಮಾಲೀಕರ ಮುಂದೆ ನಿಲ್ಲುವುದು ಎಷ್ಟು ಸಲೀಸು ಎಂದು ನೀವೇ ನೋಡುತ್ತೀರಿ.

ಮತ್ತೆ, ದಲ್ಲಾಳಿಗಳು ವಿದ್ಯುತ್ ಕಂಬಗಳ ಮೇಲೆ ‘ಮನೆ ಬೇಕೇ? ಸಂಪರ್ಕಿಸಿ’ ಎಂದು ಚೀಟಿ ಅಂಟಿಸುವುದನ್ನು ಎರಡೂ ಊರುಗಳಲ್ಲಿ ಕಾಣುತ್ತೇನೆ. ಸಾರ್ವಜನಿಕ ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯುವ 1981ರ ಕಾಯ್ದೆಯಡಿ ಅದು ಅಪರಾಧ.

ಬೇಗ_ಬೆಳೆಯೋಣ:

ಕಾನೂನು ನೋಡುತ್ತಾ ಕೂತರೆ ಯಾವ ವ್ಯಾಪಾರವೂ ನಡೆಯುವುದಿಲ್ಲ ಸರ್. 1909ರ ಬಗ್ಗೆ ಹೇಳಿದ್ದು ಮಾತ್ರ ನಿಜ, ನನ್ನ ಸ್ನೇಹಿತರೊಬ್ಬರ ನಂಬರ್ ಹಾಗೆಯೇ ನಿಂತುಹೋಗಿದೆ.

ಬೆಂಗಳೂರಿನಿಂದ_ಮಾಲೀಕ:

ವಿದ್ಯಾನಗರದಲ್ಲಿ ನಮ್ಮ ತಂದೆ ಕಟ್ಟಿಸಿದ ಮನೆಯಿದೆ. ಅಪ್ಪ ಅಮ್ಮ ಈಗ ಬೆಂಗಳೂರಿನಲ್ಲಿ ನನ್ನ ಬಳಿ ಇದ್ದಾರೆ. ನನ್ನಂಥ ಮಾಲೀಕರು ದಾವಣಗೆರೆಯಲ್ಲಿ ಬಹಳ ಜನ. ಮಕ್ಕಳೆಲ್ಲ ಬೆಂಗಳೂರು, ಪುಣೆ, ಅಮೆರಿಕ ಸೇರಿದ್ದಾರೆ, ಊರಿನಲ್ಲಿ ಮನೆಗೆ ಬೀಗ. ನಮಗೆ ದಲ್ಲಾಳಿಯ ಅಗತ್ಯ ನಿಜವಾಗಿಯೂ ಇದೆ. ಯಾಕೆ ಕೊಡುವುದಿಲ್ಲ ಎಂದರೆ, ಬಾಡಿಗೆದಾರರನ್ನು ಕೂರಿಸಿದ ಮೇಲೆ ದಲ್ಲಾಳಿಗಳು ಫೋನ್ ಎತ್ತುವುದಿಲ್ಲ.

ಕೀಲಿಕೈ ಅವರೇ, ನಿಮ್ಮ ಸಂದೇಶ ನನಗೆ ಬಂದಿದ್ದರೆ ಉತ್ತರಿಸುತ್ತಿರಲಿಲ್ಲ. ‘ಉತ್ತಮ ಬಾಡಿಗೆದಾರರು ಲಭ್ಯ’ ಎಂದರೆ ಯಾರೂ ಇಲ್ಲ ಎಂದೇ ಅರ್ಥ. ಅದೂ ಅಲ್ಲದೆ ಗುರುತಿಲ್ಲದವರಿಗೆ ಮನೆಯ ಫೋಟೋ ಯಾರು ಕಳಿಸುತ್ತಾರೆ? ನಿಮ್ಮ ಬಳಿ ಈಗ ಒಂದು ಕುಟುಂಬ ಮನೆ ಹುಡುಕುತ್ತಿದ್ದರೆ ಅದನ್ನೇ ಬರೆಯಿರಿ: ‘ನಮಸ್ಕಾರ ಸರ್. ನಾನು ದಾವಣಗೆರೆ ನಿಟುವಳ್ಳಿಯವಳು, ಬಾಡಿಗೆ ಮನೆಗಳ ದಲ್ಲಾಳಿ. ನಿಮ್ಮ ವಿದ್ಯಾನಗರದ ಮನೆಯ ಎದುರಿನ ಅಂಗಡಿಯವರು ನಿಮ್ಮ ನಂಬರ್ ಕೊಟ್ಟರು, ನಿಮ್ಮನ್ನು ಕೇಳಿಯೇ ಕೊಟ್ಟಿದ್ದಾರೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ದಂಪತಿ, ಒಂದು ಮಗು, ಜೂನ್ ಮೊದಲ ವಾರ ಬರಬೇಕಂತೆ. ಮನೆಯನ್ನು ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಯಾವ ಹೊತ್ತಿನಲ್ಲಿ ಮಾತನಾಡಬಹುದು ತಿಳಿಸಿ. ಇಲ್ಲವಾದರೆ ಮತ್ತೆ ತೊಂದರೆ ಕೊಡುವುದಿಲ್ಲ.’ ಇದಕ್ಕೆ ನಾನಂತೂ ಉತ್ತರ ಕೊಡುತ್ತೇನೆ.

ಅಂಗಡಿಯವರಿಂದ ನಂಬರ್ ಪಡೆಯುವಾಗಲೂ ‘ಒಮ್ಮೆ ಅವರನ್ನು ಕೇಳಿ ಕೊಡಿ’ ಎಂದೇ ಹೇಳಿ. ಅವರು ಕೇಳಿದಾಗ ನಿಮ್ಮ ಹೆಸರು ನನ್ನ ಕಿವಿಗೆ ಮೊದಲೇ ಬಿದ್ದಿರುತ್ತದೆ.

ದೂರದ ಮಾಲೀಕರಿಗೆ ನೀವು ಮಾಡಬಹುದಾದ ಕೆಲಸಗಳು ಎಷ್ಟೋ ಇವೆ. ಹಿಂದಿನವರು ಖಾಲಿ ಮಾಡುವ ದಿನ ಹೋಗಿ ಗೋಡೆ, ನಲ್ಲಿ, ಫ್ಯಾನು, ಮೀಟರ್ ಎಲ್ಲದರ ವಿಡಿಯೋ ಮಾಡಿ ಕಳಿಸುವುದು. ಬೆಸ್ಕಾಂ ಬಿಲ್ಲು ಬಾಕಿ ಇದೆಯೇ ನೋಡುವುದು. ಗೃಹಜ್ಯೋತಿಯ ತಲೆನೋವು ಬೇರೆ. ಹಿಂದಿನ ಬಾಡಿಗೆದಾರರ ಆಧಾರ್ ನಮ್ಮ ಮನೆಯ ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆಗೆ ಜೋಡಣೆಯಾಗಿತ್ತು, ಅವರು ಅದನ್ನು ಬಿಡಿಸದೆ ಹೋದರು, ಹೊಸಬರಿಗೆ ಉಚಿತ ವಿದ್ಯುತ್ತಿನ ಅರ್ಜಿ ಹಾಕಲು ಆಗಲಿಲ್ಲ, ಪ್ರತಿದಿನ ನನಗೆ ಕರೆ. ಸೇವಾ ಸಿಂಧುವಿನಲ್ಲಿ ಆ ಜೋಡಣೆಯನ್ನು ತೆಗೆಸಬಹುದೆಂದು ನನಗೆ ಹೇಳಿಕೊಡುವವರು ಒಬ್ಬರಿದ್ದಿದ್ದರೆ ಅವರಿಗೆ ಮನೆಯ ಕೀಲಿಯನ್ನೇ ಕೊಟ್ಟುಬಿಡುತ್ತಿದ್ದೆ.

ದುರ್ಗದ_ವಕೀಲ:

ಮಾಲೀಕರು ವಿದೇಶದಲ್ಲಿದ್ದರೆ ಇನ್ನೆರಡು ವಿಷಯ ತಿಳಿದಿರಲಿ. ಕರಾರಿಗೆ ಅವರ ಪರವಾಗಿ ಇಲ್ಲಿ ಸಹಿ ಮಾಡುವವರ ಬಳಿ ಅಧಿಕಾರ ಪತ್ರ ಇರಬೇಕು. ತೆರಿಗೆಯ ಲೆಕ್ಕದಲ್ಲಿ ಅನಿವಾಸಿಯಾದ ಮಾಲೀಕರಿಗೆ ಬಾಡಿಗೆ ಕೊಡುವವರು ಟಿಡಿಎಸ್, ಅಂದರೆ ಬಾಡಿಗೆಯಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಇದನ್ನು ಮೊದಲ ದಿನವೇ ಇಬ್ಬರಿಗೂ ಹೇಳಿ, ಇಲ್ಲದಿದ್ದರೆ ಆಮೇಲೆ ನೋಟಿಸ್ ಬಂದಾಗ ‘ದಲ್ಲಾಳಿ ಹೇಳಲಿಲ್ಲ’ ಎಂಬ ಮಾತು ಬರುತ್ತದೆ.

ಮನೆ ತೋರಿಸುವ ಮುಂಚೆ ಕೊಡುವವರು ನಿಜವಾದ ಮಾಲೀಕರೇ ಎಂಬುದನ್ನೂ ನೋಡಿ. ಪಾಲಿಕೆಯ ಕಂದಾಯ ರಸೀದಿ ಇಲ್ಲವೇ ಇ-ಖಾತೆಯ ಪ್ರತಿ, ವಿದ್ಯುತ್ ಬಿಲ್ಲು, ಇಷ್ಟನ್ನು ವಿನಯದಿಂದಲೇ ಕೇಳಬಹುದು. ಭೋಗ್ಯಕ್ಕೆ ಹಾಕುವ ಮನೆಯಾದರೆ, ಆಸ್ತಿಯ ಮೇಲೆ ಸಾಲವಿದೆಯೇ ಎಂದು ತೋರಿಸುವ ಋಣಭಾರ ಪ್ರಮಾಣಪತ್ರ (ಇ.ಸಿ.) ಇಲ್ಲದೆ ಮುಂದುವರಿಯಲೇಬೇಡಿ. ಬ್ಯಾಂಕ್ ಸಾಲದಲ್ಲಿರುವ ಮನೆಗೆ ಲಕ್ಷಗಟ್ಟಲೆ ಕೊಟ್ಟು ಒಳಹೊಕ್ಕವರ ಪಾಡನ್ನು ನ್ಯಾಯಾಲಯದಲ್ಲಿ ಕಂಡು ಹೊಟ್ಟೆ ಉರಿಯುತ್ತದೆ. ಜೀವಮಾನದ ಉಳಿತಾಯ ಅದು.

ಕೀಲಿಕೈ_ನಿಟುವಳ್ಳಿ:

ನನ್ನ ಸಂದೇಶವನ್ನು ಬದಲಿಸಿಕೊಂಡಿದ್ದೇನೆ ಸರ್. ಪಟ್ಟಿಯವರಿಗೆ ಬೇಡ ಎಂದು ಹೇಳಿದೆ.

ಒಂದು ಸಂಕಟದ ವಿಷಯ ಕೇಳುತ್ತೇನೆ. ಮಾಲೀಕರು ಮಾತಿಗೆ ಸಿಕ್ಕ ಕೂಡಲೇ ‘ಬಂದವರು ಯಾವ ಜನ?’ ಎಂದು ಕೇಳುತ್ತಾರೆ. ಅಡ್ಡಹೆಸರಿನಿಂದ ಜಾತಿ ತಿಳಿದುಕೊಂಡು ಬಾ ಎನ್ನುತ್ತಾರೆ. ಒಳ್ಳೆಯ ಕೆಲಸದಲ್ಲಿರುವ ಒಬ್ಬ ಹುಡುಗಿಗೆ ಈ ಕಾರಣಕ್ಕಾಗಿಯೇ ಮನೆ ಸಿಗಲಿಲ್ಲ, ಅವಳ ಮುಖ ನೋಡಲಾಗಲಿಲ್ಲ. ಇಂಥ ಮಾಲೀಕರನ್ನು ಉಳಿಸಿಕೊಳ್ಳಬೇಕೇ, ಬಿಡಬೇಕೇ?

ಹಳೆಪೇಟೆ_ದಲ್ಲಾಳಿ:

ನಾವು ಊರನ್ನು ತಿದ್ದಲು ಬಂದವರಲ್ಲ ತಂಗಿ. ಮಾಂಸಾಹಾರ ಬೇಡ ಎಂದರೆ ಅದು ಅವರ ಮನೆ, ಅವರ ಇಷ್ಟ. ಅಂಥ ಮನೆಗೆ ಸರಿಹೊಂದುವವರನ್ನು ತೋರಿಸು, ಉಳಿದವರಿಗೆ ಬೇರೆ ಮನೆ ತೋರಿಸು. ಬಾಡಿಗೆದಾರರನ್ನು ಬಾಗಿಲವರೆಗೆ ಕರೆದೊಯ್ದು ಅವಮಾನ ಮಾಡಿಸಿಕೊಂಡು ಬರುವುದಕ್ಕಿಂತ ಅದು ಮೇಲು.

ಎಂಸಿಸಿ_ಮನೆಯೊಡತಿ:

ಈ ಮಾತನ್ನು ನಾನು ಒಪ್ಪುವುದಿಲ್ಲ ಅಣ್ಣಾ. ಮಾಲೀಕರು ಕೇಳುವುದು ರೂಢಿಯಿಂದ, ಎಷ್ಟೋ ಸಲ ದಲ್ಲಾಳಿಯೇ ಮೊದಲು ಬಾಯಿಬಿಟ್ಟು ಜಾತಿ ಹೇಳುತ್ತಾನೆ. ನಮ್ಮ ಮೇಲಿನ ಮನೆಯಲ್ಲಿ ಈಗಿರುವ ನರ್ಸ್ ನಮ್ಮವಳಲ್ಲ, ಸಾಬರ ಹುಡುಗಿ. ನಮ್ಮ ಯಜಮಾನರಿಗೆ ರಾತ್ರಿ ಎದೆನೋವು ಬಂದಾಗ ಮೆಟ್ಟಿಲಿಳಿದು ಓಡಿಬಂದವಳು ಅವಳು. ಆ ದಲ್ಲಾಳಿ ಅವಳ ಬಗ್ಗೆ ಹೇಳಿದ್ದು ‘ಆಸ್ಪತ್ರೆಯಲ್ಲಿ ಕೆಲಸ, ಮೂರು ವರ್ಷ ಒಂದೇ ಮನೆಯಲ್ಲಿದ್ದಳು, ಆ ಮಾಲೀಕರ ನಂಬರ್ ಇದು, ಮಾತನಾಡಿ’ ಎಂದಷ್ಟೇ. ನಾನು ಮಾತನಾಡಿದೆ, ಅವರು ಮನಸಾರೆ ಹೊಗಳಿದರು. ಕೀಲಿಕೈ, ನೀವೂ ಹಾಗೆ ಮಾಡಿ. ಕೆಲಸ, ಜನ ಎಷ್ಟು, ಹಿಂದಿನ ಮಾಲೀಕರು ಏನು ಹೇಳುತ್ತಾರೆ, ಬಾಡಿಗೆ ಯಾವ ತಾರೀಖಿಗೆ ಕೊಡುತ್ತಾರೆ, ಇವನ್ನು ಹೇಳಿ. ಜಾತಿ ವಿಚಾರಿಸಿಕೊಂಡು ಬರುವ ಕೆಲಸ ನನ್ನದಲ್ಲ ಎಂದು ಗೌರವದಿಂದಲೇ ಹೇಳಿ. ಕೆಲವು ಮನೆಗಳು ಕೈತಪ್ಪಬಹುದು, ತಪ್ಪಲಿ.

ಹಳೆಪೇಟೆ_ದಲ್ಲಾಳಿ:

ಹಿಂದಿನ ಮಾಲೀಕರ ನಂಬರ್ ಕೊಡಿಸುವುದು ಒಳ್ಳೆಯ ಕ್ರಮ, ಅದನ್ನು ಒಪ್ಪುತ್ತೇನೆ. ಉಳಿದದ್ದಕ್ಕೆ ನನ್ನ ಅಭಿಪ್ರಾಯ ನನಗಿರಲಿ ಅಮ್ಮಾ.

ಬಾಡಿಗೆದಾರ_ಎಸ್ಎಸ್_ಬಡಾವಣೆ:

ಬಾಡಿಗೆದಾರರ ಪರವಾಗಿ ಒಂದು ಮಾತು. ಮಾಲೀಕರ ನಂಬಿಕೆ ಗಳಿಸುವ ಭರದಲ್ಲಿ ನಮ್ಮ ಆಧಾರ್ ಪ್ರತಿಯನ್ನು ಊರಿಗೆಲ್ಲ ವಾಟ್ಸ್‌ಆ್ಯಪ್ ಮಾಡಬೇಡಿ. ಮನೆ ನೋಡುವ ಹಂತದಲ್ಲೇ ಆಧಾರ್ ಕೇಳುವವರಿದ್ದಾರೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಆಧಾರ್ ಜಾಲತಾಣದಿಂದಲೇ ಪಡೆಯಬಹುದು. ಅದೂ ಕರಾರಿನ ಹೊತ್ತಿಗೆ ಸಾಕು.

ಇನ್ನೊಂದು ಉಪಾಯ ಹೇಳುತ್ತೇನೆ. ಮನೆ ಖಾಲಿ ಮಾಡುವ ಒಂದು ತಿಂಗಳ ಮುಂಚೆ ನಾವು ಮಾಲೀಕರಿಗೆ ತಿಳಿಸಿರುತ್ತೇವೆ. ನೀವು ಇಂದು ಮನೆ ಕೊಡಿಸಿದವರು ಎಲ್ಲಿಂದ ಬರುತ್ತಿದ್ದಾರೆ ನೋಡಿ. ಅವರು ಬಿಟ್ಟುಬರುತ್ತಿರುವ ಮನೆ ಮುಂದಿನ ತಿಂಗಳು ಖಾಲಿ. ಅವರಿಂದಲೇ ಹಳೆಯ ಮಾಲೀಕರಿಗೆ ಒಂದು ಮಾತು ಹೇಳಿಸಿ.

ಹಳೆಪೇಟೆ_ದಲ್ಲಾಳಿ:

ಚೆನ್ನಾಗಿ ಹೇಳಿದಿರಿ. ಹಾಗೆಯೇ ಬ್ಯಾಂಕ್ ಶಾಖೆಗಳಿಗೆ ಹೋಗಿ ಪರಿಚಯ ಮಾಡಿಕೊ ತಂಗಿ. ಸರ್ಕಾರಿ ಬ್ಯಾಂಕಿನ ಅಧಿಕಾರಿಗಳಿಗೆ ಎಷ್ಟೋ ಕಡೆ ಬ್ಯಾಂಕೇ ಮನೆಯನ್ನು ಕರಾರು ಮಾಡಿಕೊಂಡು ಕೊಡುತ್ತದೆ, ಬಾಡಿಗೆ ನೇರವಾಗಿ ಮಾಲೀಕರ ಖಾತೆಗೆ ಹೋಗುತ್ತದೆ. ‘ಬ್ಯಾಂಕಿನವರು ಕೇಳುತ್ತಿದ್ದಾರೆ’ ಎಂದರೆ ಬಾಗಿಲು ತೆರೆಯದ ಮಾಲೀಕರಿಲ್ಲ. ಕೇಳುತ್ತಿರುವುದು ನಿಜವಾಗಿದ್ದಾಗ ಮಾತ್ರ ಹೇಳು.

ಒಂದು ಪುಸ್ತಕ ಇಟ್ಟುಕೊ. ಪ್ರತಿ ಮನೆಗೆ ಒಂದು ಪುಟ. ಮಾಲೀಕರ ಷರತ್ತು, ನೀರು, ಗಾಡಿ ನಿಲ್ಲಿಸುವ ಜಾಗ, ಕರಾರು ಮುಗಿಯುವ ತಿಂಗಳು. ಹನ್ನೊಂದು ತಿಂಗಳ ಕರಾರಾದರೆ ಒಂಬತ್ತನೇ ತಿಂಗಳಲ್ಲಿ ಒಮ್ಮೆ ಕರೆ ಮಾಡಿ ‘ಮುಂದುವರಿಸುತ್ತೀರಾ’ ಎಂದು ಕೇಳು. ನಮ್ಮಲ್ಲಿ ಹೆಚ್ಚಿನವರು ಇದನ್ನೇ ಮಾಡುವುದಿಲ್ಲ.

ಕೀಲಿಕೈ_ನಿಟುವಳ್ಳಿ:

ಕೊನೆಯದಾಗಿ ಕಮಿಷನ್ ಬಗ್ಗೆ. ಮಾಲೀಕರಿಂದಲೂ ತೆಗೆದುಕೊಳ್ಳಬೇಕೇ? ಮೊದಲ ಭೇಟಿಯಲ್ಲೇ ಹೇಳಬೇಕೇ? ಖಾಲಿ ಮನೆಗೆ ಅಪರಿಚಿತರೊಂದಿಗೆ ಒಬ್ಬಳೇ ಹೋಗುವುದರ ಬಗ್ಗೆಯೂ ಮನೆಯಲ್ಲಿ ಹೆದರುತ್ತಾರೆ.

ಎಂಸಿಸಿ_ಮನೆಯೊಡತಿ:

ಒಬ್ಬರೇ ಹೋಗಬೇಡಿ. ಕತ್ತಲಾದ ಮೇಲಂತೂ ಬೇಡವೇ ಬೇಡ. ಪಕ್ಕದ ಮನೆಯವರಿಗೆ ಹೇಳಿ ಬಾಗಿಲು ತೆರೆಯಿರಿ, ತೋರಿಸುವಷ್ಟು ಹೊತ್ತೂ ಬಾಗಿಲು ತೆರೆದೇ ಇರಲಿ. ಬರುವವರ ಹೆಸರು, ನಂಬರ್ ಮನೆಯಲ್ಲಿ ಬರೆದಿಟ್ಟು ಹೊರಡಿ.

ಹಳೆಪೇಟೆ_ದಲ್ಲಾಳಿ:

ಅರ್ಧ ತಿಂಗಳ ಬಾಡಿಗೆ ಕೊಡುವವರೂ ಇದ್ದಾರೆ, ಒಂದು ತಿಂಗಳದ್ದು ಕೊಡುವವರೂ ಇದ್ದಾರೆ. ಹೊಸ ಮಾಲೀಕರಿಂದ ಮೊದಲ ಸಲ ತೆಗೆದುಕೊಳ್ಳಬೇಡ, ಬಾಡಿಗೆದಾರರಿಂದ ಮಾತ್ರ ತೆಗೆದುಕೊ. ಎಷ್ಟು, ಯಾರಿಂದ ಎಂಬುದನ್ನು ಮನೆ ತೋರಿಸುವ ಮೊದಲೇ ಇಬ್ಬರಿಗೂ ಹೇಳಿಬಿಡು. ವಿದ್ಯಾರ್ಥಿಗಳಿಗೆ ಸ್ವಲ್ಪ ಕಡಿಮೆ ಮಾಡು, ಪ್ರತಿ ವರ್ಷ ಅವರ ಕಿರಿಯರು ನಿನ್ನನ್ನೇ ಹುಡುಕಿಕೊಂಡು ಬರುತ್ತಾರೆ.

ದುರ್ಗದ_ವಕೀಲ:

ಪಡೆದ ಕಮಿಷನ್‌ಗೆ ರಸೀದಿ ಕೊಡಿ, ಯುಪಿಐನಲ್ಲೇ ಪಡೆಯಿರಿ. ಅಡ್ವಾನ್ಸ್ ಹಣವನ್ನು ಮಾತ್ರ ಒಂದು ದಿನದ ಮಟ್ಟಿಗೂ ನಿಮ್ಮ ಖಾತೆಗೆ ಹಾಕಿಸಿಕೊಳ್ಳಬೇಡಿ. ಬಾಡಿಗೆದಾರರಿಂದ ನೇರವಾಗಿ ಮಾಲೀಕರ ಖಾತೆಗೆ ಹೋಗಲಿ, ಅದರ ಮೊತ್ತ ಮತ್ತು ತಾರೀಖು ಇ-ಸ್ಟ್ಯಾಂಪ್ ಕಾಗದದ ಕರಾರಿನಲ್ಲಿ ಬರಲಿ. ಕರಾರಿನ ಒಂದು ಪ್ರತಿ ನಿಮ್ಮ ಬಳಿಯೂ ಇರಲಿ.